ಡಾಕ್ಟರ್ ಬಾಯಿಯವರ ಕಾರು ಬಲಕ್ಕೆ ಬಂದದ್ದು

ಡಾಕ್ಟರ್ ಬಾಯಿಯವರ ಎಡಗೈ ಮೊಣಕೈವರೆಗೆ ಕಪ್ಪಾಗಿತ್ತು, ಬಲಗೈ ಬೆಳ್ಳಗಿತ್ತು. ಎರಡನ್ನೂ ಮೇಜಿನ ಮೇಲಿಟ್ಟುಕೊಂಡು ಕೂತರೆ ಬೇರೆ ಬೇರೆ ಇಬ್ಬರ ಕೈಗಳಂತೆ ಕಾಣುತ್ತಿದ್ದವು. ಹೊಸ ರೋಗಿಗಳು ಅದನ್ನು ಚರ್ಮದ ಬೇನೆಯೆಂದು ತಿಳಿದು, ಡಾಕ್ಟರಿಗೇ ಹೀಗಾದರೆ ನಮ್ಮ ಗತಿಯೇನು ಎಂಬಂತೆ ನನ್ನ ಮುಖ ನೋಡುತ್ತಿದ್ದರು. ಅದು ಬೇನೆಯಲ್ಲ. ಅವರ ಕಾರಿನ ಸ್ಟೇರಿಂಗ್ ಎಡಗಡೆ ಇತ್ತು. ಎಡಗೈಯನ್ನು ಬಾಗಿಲ ಮೇಲೆ ಚಾಚಿಕೊಂಡು ಅವರು ವಿಜಾಪುರದ ಬಿಸಿಲಲ್ಲಿ ವರ್ಷಗಟ್ಟಲೆ ಓಡಾಡಿದ್ದರು.

ಐವತ್ತರ ದಶಕದ ಕೊನೆಯಲ್ಲಿ ನಾನು ಅವರ ದವಾಖಾನೆಗೆ ನರ್ಸ್ ಆಗಿ ಸೇರಿದೆ. ಮಿಷನ್ ಆಸ್ಪತ್ರೆಯಲ್ಲಿ ಕಲಿತವಳು. ಹಾಸಿಗೆಯ ಮೂಲೆ ಹೇಗೆ ಮಡಚಬೇಕು, ಕತ್ತರಿ ಎಷ್ಟು ಹೊತ್ತು ಕುದಿಯಬೇಕು ಎಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. ಆದರೆ ನನ್ನ ಮುಖ್ಯ ಕೆಲಸ ಯಾವ ಆಸ್ಪತ್ರೆಯಲ್ಲೂ ಕಲಿಸದ್ದು. ಸೋಮವಾರ ತಿಕೋಟಾ, ಗುರುವಾರ ಬಬಲೇಶ್ವರ, ಕರೆ ಬಂದರೆ ಘೋಣಸಗಿ. ಈ ದಾರಿಗಳಲ್ಲಿ ನಾನು ಅವರ ಬಲಗಡೆ ಕೂತು ಮುಂದಿನ ರಸ್ತೆ ನೋಡಿ ಹೇಳಬೇಕಿತ್ತು.

ಕಾರು ಅವರ ಅಣ್ಣನದು. ಜರ್ಮನಿಯಲ್ಲಿ ಓದಿ ಬರುವಾಗ ಹಡಗಿನಲ್ಲಿ ಮುಂಬಯಿಗೆ ತಂದು ಇಳಿಸಿದ್ದ. ಆತ ದಿಲ್ಲಿಯ ನೌಕರಿಗೆ ಹೋಗುವಾಗ ತಂಗಿಗೆ ಬಿಟ್ಟು ಹೋದ. ಎರಡೇ ಸೀಟು, ಉದ್ದ ಮೂತಿ, ಮೇಲೆ ಕ್ಯಾನ್ವಾಸಿನ ಟಪ್ಪು. ಆ ದೇಶದಲ್ಲಿ ಪಂದ್ಯಕ್ಕೆ ಓಡಿಸುವ ಜಾತಿಯ ಕಾರಂತೆ. ನಮ್ಮಲ್ಲಿ ಅದು ಎತ್ತಿನ ಚಕ್ಕಡಿಗಳ ಹಿಂದೆ ತೆವಳುತ್ತಿತ್ತು. ಆಗಿನ ಡಾಂಬರು ರಸ್ತೆ ಒಂದೇ ಗಾಡಿಯ ಅಗಲ, ಅತ್ತಿತ್ತ ಮಣ್ಣು. ಜೋಳದ ಒಣದಂಟಿನ ಕಣಿಕಿ ಹೇರಿದ ಚಕ್ಕಡಿ ಮುಂದೆ ಬಂತೆಂದರೆ ಎಡಗಡೆ ಕೂತ ಬಾಯಿಯವರಿಗೆ ಕಣಿಕಿಯ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಆಚೆಯಿಂದ ಅಥಣಿಯ ಲಾರಿ ಬರುತ್ತಿದೆಯೋ ಇಲ್ಲವೋ ಎಂಬುದು ನನಗೆ ಮಾತ್ರ ಕಾಣುತ್ತಿತ್ತು. ನಾನು ‘ಹೋಗ್ರಿ’ ಎಂದರೆ ಹೋಗುತ್ತಿದ್ದರು. ‘ತಡೀರಿ’ ಎಂದರೆ ತಡೆಯುತ್ತಿದ್ದರು. ತಿರುಗಿ ಕೇಳಿದ್ದು ಒಮ್ಮೆಯೂ ಇಲ್ಲ.

ಅವರು ಹೊಗಳುವವರಲ್ಲ. ಹೆರಿಗೆ ಸುಸೂತ್ರವಾದರೂ ಒಂದೇ ಮಾತು: ‘ಮುಂದ?’ ತಡಮಾಡಿ ಹೆಂಡತಿಯನ್ನು ಕರೆತಂದ ಗಂಡಂದಿರಿಗೆ ಮಾತ್ರ ಹೆಚ್ಚು ಮಾತು ಖರ್ಚು ಮಾಡುತ್ತಿದ್ದರು. ‘ಎತ್ತಿಗೆ ಹೊಟ್ಟಿ ಉಬ್ಬಿದ್ರ ರಾತ್ರ್ಯಾಗ ಓಡಿ ಬರ್ತೀರಿ. ಈಕೀಗೆ ಎರಡ ದಿನಾ ಯಾಕ ಬೇಕಾತು?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೈ ತೊಳೆಯಲು ಹೋಗುತ್ತಿದ್ದರು. ಯಾರಾದರೂ ನಿಮ್ಮ ಉಪಕಾರ ಮರೆಯಂಗಿಲ್ಲ ಎಂದರೆ ಸಿಟ್ಟು ಬರುತ್ತಿತ್ತು. ‘ಉಪಕಾರ ಅಲ್ಲ, ಇದು ನನ್ನ ಕೆಲಸ. ಗುಳಗಿ ಮರೀಬ್ಯಾಡ, ಅಷ್ಟ ಸಾಕು.’

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನನಗೆ ಹುಬ್ಬಳ್ಳಿಯಲ್ಲಿ ಆರೋಗ್ಯ ಸಂದರ್ಶಕಿಯರ ತರಬೇತಿಗೆ ಕರೆ ಬಂತು. ಮುಗಿಸಿದರೆ ಸರಕಾರಿ ನೌಕರಿ, ನನ್ನದೇ ಹಳ್ಳಿಗಳು, ನನ್ನದೇ ಕೆಲಸ. ಆದರೆ ನಾನು ಹೋದರೆ ಬಲಗಡೆ ಕೂತು ನೋಡುವವರಿಲ್ಲ. ಕಾರು ನಿಂತರೆ ತಿಕೋಟಾ, ಬಬಲೇಶ್ವರ ನಿಂತಂತೆ ಎಂದೇ ನನ್ನ ಲೆಕ್ಕ. ಅವರು ಮೊದಲು ಕಂಪೌಂಡರನನ್ನು ನನ್ನ ಜಾಗದಲ್ಲಿ ಕೂರಿಸಿ ನೋಡಿದರು. ಆತ ಬಹಳ ವಿನಯದವನು. ‘ಬಾಯಾರ, ಈಗ ಹೋದ್ರ ಏನೂ ಅಡ್ಡಿ ಇಲ್ಲ ಅಂತ ನನಗ ಅನಸ್ತದರಿ’ ಎಂದು ಆತ ಮುಗಿಸುವಷ್ಟರಲ್ಲಿ ಎದುರಿನ ಬಸ್ಸು ಬಂದುಬಿಟ್ಟಿತ್ತು. ಕಾರು ಹೊಲಕ್ಕೆ ಇಳಿಯಿತು. ಆತ ಇಳಿದು ನಡೆದುಕೊಂಡೇ ಊರಿಗೆ ಬಂದ.

ತರಬೇತಿಗೆ ಹೋಗುವುದಿಲ್ಲ ಎಂದು ನಾನು ಮರುದಿನ ಬೆಳಿಗ್ಗೆ ಹೇಳಿದೆ. ಅವರು ಸಿರಿಂಜು ಜೋಡಿಸುತ್ತಿದ್ದರು.

‘ಯಾಕ?’

‘ನೀವು ಒಬ್ರ ಹೆಂಗ ಹೋಗ್ತೀರಿ?’

‘ನಿನ್ನ ನಂಬಿ ನಾ ಡಾಕ್ಟರ್ ಆಗೀನೇನು?’

ಮಾತು ಚುಚ್ಚಿತು. ಹಾಗೆ ಚುಚ್ಚಲೆಂದೇ ಆಡಿದ್ದು ಎಂದು ಆಮೇಲೆ ತಿಳಿಯಿತು. ಆ ಹೊತ್ತಿಗೆ ನಾನು ಗಾಜಿನ ಪೆಟ್ಟಿಗೆ ಒರೆಸಲು ಹೋದೆ. ಮಧ್ಯಾಹ್ನ ಅವರು ಕಾರು ತೆಗೆದರು, ನಾನು ಬಲಗಡೆ ಕೂತೆ. ಸೊಲ್ಲಾಪುರ ರಸ್ತೆಯ ಒಂದು ಗ್ಯಾರೇಜಿನ ಮುಂದೆ ನಿಲ್ಲಿಸಿ, ಸ್ಟೇರಿಂಗನ್ನು ಬಲಗಡೆಗೆ ಕೂಡಿಸಿಕೊಡು ಎಂದು ಮಿಸ್ತ್ರಿಗೆ ಹೇಳಿದರು.

ಮಿಸ್ತ್ರಿ ಕಾರಿನ ಸುತ್ತ ಒಂದು ಸುತ್ತು ಹಾಕಿದ. ‘ಬಾಯಾರ, ಅಂಗೀ ತೋಳ ಬಿಚ್ಚಿ ಆ ಕಡೆ ಹೊಲಿದಂಗಲ್ರಿ ಇದು.’

‘ಗೊತ್ತದ. ಮುರದ ಕಾಲ ನಾನೂ ಕೂಡಸ್ತೀನಿ.’

‘ನೀವು ಎಡಗಾಲ ಎಡಕ್ಕ ಕೂಡಸ್ತೀರಿ. ತಗದು ಬಲಕ್ಕ ಕೂಡಸಂಗಿಲ್ಲಲ್ರಿ.’

ಬಾಯಿಯವರು ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ. ಅಂದು ನಕ್ಕರು. ‘ಆದ್ರೂ ಕೂಡಸು’ ಎಂದರು. ನನ್ನ ತರಬೇತಿ ಶುರುವಾಗುವ ದಿನವನ್ನು ಅವನಿಗೆ ತಿಳಿಸಿ, ಅದರೊಳಗೆ ಆಗಬೇಕು ಎಂದು ಎರಡು ಸಲ ಹೇಳಿದರು.

ಕೆಲಸ ಅಂದುಕೊಂಡದ್ದಕ್ಕಿಂತ ದೊಡ್ಡದಾಯಿತು. ಸ್ಟೇರಿಂಗಿನ ಚಕ್ರದ ಜೊತೆಗೆ ಅದರ ಕೋಲು, ಕೋಲಿನ ತುದಿಯಲ್ಲಿ ಮುಂದಿನ ಗಾಲಿಗಳನ್ನು ತಿರುಗಿಸುವ ಹಲ್ಲುಗಳ ಡಬ್ಬಿ, ಕ್ಲಚ್ಚು, ಬ್ರೇಕು, ಎಲ್ಲವೂ ಆಚೆ ಹೋಗಬೇಕು. ಮುಂದಿನ ಕಟ್ಟಿಗೆಯ ಹಲಗೆಯನ್ನು ಬಡಿಗ ಹೊಸದಾಗಿ ಕೊರೆದ. ಎಡಗಡೆಯ ತೂತುಗಳಿಗೆ ತಗಡು ಹಚ್ಚಿದರು. ದಿನ ಬಿಟ್ಟು ದಿನ ಬಾಯಿಯವರು ಟಾಂಗಾದಲ್ಲಿ ಹೋಗಿ ನೋಡಿ ಬರುತ್ತಿದ್ದರು. ನಾನು ಟ್ರಂಕಿಗೆ ಬಟ್ಟೆ ತುಂಬಿ, ತೆಗೆದು, ಮತ್ತೆ ತುಂಬಿದೆ. ಕಾರು ಓಡಿದರೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಅದನ್ನು ಅವರಿಗೆ ಹೇಳಿಯೂ ಇದ್ದೆ.

ಹೊರಡುವ ಹಿಂದಿನ ಸಂಜೆ ಹೊರಗೆ ಹಾರ್ನು ಕೇಳಿಸಿತು. ಬಾಗಿಲಿಗೆ ಬಂದು ನೋಡಿದೆ. ನಮ್ಮ ದವಾಖಾನೆಯ ಮುಂದಿನ ಉದ್ದ ನೇರ ರಸ್ತೆಯಲ್ಲಿ ಕಾರು ನಿಧಾನವಾಗಿ ಬರುತ್ತಿತ್ತು. ಬಾಯಿಯವರು ಬಲಗಡೆ ಕೂತಿದ್ದರು, ಎರಡೂ ಕೈ ಸ್ಟೇರಿಂಗಿನ ಮೇಲೆ. ಬಾಗಿಲ ಮುಂದೆ ನಿಲ್ಲಿಸಿದರು.

‘ನೋಡಿದೆಲ್ಲ? ಆಗ್ಯಾದ. ನಾಳೆ ಹುಬ್ಬಳ್ಳಿ ಗಾಡಿಗೆ ಹೋಗು.’

‘ನಾನೂ ಒಂದು ಸುತ್ತು ಬರ್ತೀನ್ರಿ.’

‘ಬ್ಯಾಡ. ಒಬ್ಬಾಕೀನ ಹೋಗೂದು ರೂಢಿ ಆಗಲಿ.’

ಕಾರು ಮುಂದೆ ಹೋಯಿತು. ಅದರ ಹಿಂದೆ ಮಿಸ್ತ್ರಿಯೂ ಗ್ಯಾರೇಜಿನ ಇಬ್ಬರು ಗಂಡಸರೂ ಬಿರಬಿರನೆ ನಡೆದು ಹೋದರು. ಎಂಜಿನಿನ ಸಪ್ಪಳ ಪರೀಕ್ಷಿಸುತ್ತಿದ್ದಾರೆ ಎಂದುಕೊಂಡೆ. ಮರುದಿನ ಟ್ರಂಕು ಆ ಕಾರಿನಲ್ಲಿ ಹಿಡಿಸುವುದಿಲ್ಲವೆಂದು ಬಾಯಿಯವರು ಟಾಂಗಾ ತರಿಸಿದರು. ಸ್ಟೇಶನ್ನಿಗೆ ತಾವು ಬರಲಿಲ್ಲ. ರೋಗಿಗಳು ಕೂತಿದ್ದರು.

ದೀಪಾವಳಿಯ ರಜೆಗೆ ಬಂದಾಗ ಸೊಲ್ಲಾಪುರ ರಸ್ತೆಯಲ್ಲಿ ಮಿಸ್ತ್ರಿ ಸಿಕ್ಕ. ಕಾರು ಹೇಗೆ ಓಡುತ್ತಿದೆ ಎಂದು ಕೇಳಿದೆ.

‘ಈಗ ಛಲೋ ಐತ್ರಿ ನರ್ಸಬಾಯಿ. ಮೊನ್ನೆ ಮೊನ್ನೆ ಆಗೇತಿ.’

‘ಮೊನ್ನೆ? ನಾ ಹೋಗೂಕಿಂತ ಮೊದಲ ಆಗಿತ್ತಲ್ಲ?’

ಆತ ತಲೆ ಕೆರೆದುಕೊಂಡ. ಆಮೇಲೆ ಎಲ್ಲ ಹೇಳಿದ. ಎಡಗಡೆಯ ಡಬ್ಬಿಯನ್ನೇ ಬೋರಲು ಮಾಡಿ ಬಲಗಡೆ ಕೂಡಿಸಿದ್ದ. ಕೂತದ್ದೇನೋ ಅಳತೆ ತೆಗೆದು ಮಾಡಿದಂತೆ ಕೂತಿತು. ಆದರೆ ಬೋರಲಾದ ಡಬ್ಬಿ ಉಲ್ಟಾ ತಿರುಗುತ್ತದೆ. ಸ್ಟೇರಿಂಗ್ ಎಡಕ್ಕೆ ತಿರುವಿದರೆ ಗಾಲಿಗಳು ಬಲಕ್ಕೆ ಹೋಗುತ್ತಿದ್ದವು, ಬಲಕ್ಕೆ ತಿರುವಿದರೆ ಎಡಕ್ಕೆ. ಗ್ಯಾರೇಜಿನಿಂದ ಹೊರಗೆ ತಂದ ಕೂಡಲೇ ಕಾರು ಎದುರಿನ ಕಬ್ಬಿನ ಹಾಲಿನ ಅಂಗಡಿಯೊಳಗೆ ಮೂತಿ ಹಾಕಿತ್ತು. ನಾನು ಹೊರಡುವುದಕ್ಕೆ ಒಂದು ದಿನ ಮಾತ್ರ ಉಳಿದಿತ್ತು.

‘ಇನ್ನ ತಡಾ ಆಗ್ತೈತ್ರಿ, ಬಲಗಡೆ ಡಬ್ಬಿ ಸೊಲ್ಲಾಪುರದಾಗ ಹುಡುಕಬೇಕು ಅಂದೆ. ಬಾಯಾರು ಏನಂದ್ರು ಗೊತ್ತೈತೇನ್ರಿ? ನಮ್ಮ ದವಾಖಾನಿ ಮುಂದಿನ ರಸ್ತಾ ನೆಟ್ಟಗದ, ತಿರುವೂದು ಎಲ್ಲಿ ಬರ್ತದ ಅಂದ್ರು. ಮೂರೂ ಮಂದಿ ಕಾರನ್ನ ನೂಕ್ಕೋತ ತಂದು, ಮೂತಿ ಎತ್ತಿ ರಸ್ತಾಕ್ಕ ಸರಿ ಮಾಡಿ ಇಟ್ಟಿವ್ರಿ. ಕೈ ಅಲ್ಲಾಡಸಬ್ಯಾಡ್ರಿ ಬಾಯಾರ ಅಂದೆ. ನಿಮ್ಮ ಮುಂದ ಹಾಯ್ದು ಹೋದ್ರು. ತಿರುವಿನ್ಯಾಗ ಮತ್ತ ನಾವ ಹಿಡದಿವಿ.’

ಬಲಗಡೆಯ ಡಬ್ಬಿ ಸಿಕ್ಕು ಕೂಡುವವರೆಗೆ, ಮಳೆಗಾಲ ಪೂರ್ತಿ, ಬಾಯಿಯವರು ತಿಕೋಟಾಕ್ಕೆ ಬಸ್ಸಿನಲ್ಲಿ ಹೋಗಿದ್ದರು. ಅಲ್ಲಿಂದ ಘೋಣಸಗಿಗೆ ಚಕ್ಕಡಿಯಲ್ಲಿ. ಕೆಸರು ಹೆಚ್ಚಾದಾಗ ಚೀಲ ತಲೆಯ ಮೇಲಿಟ್ಟುಕೊಂಡು ನಡೆದೂ ಹೋಗಿದ್ದರಂತೆ. ಒಂದು ಸೋಮವಾರವೂ, ಒಂದು ಗುರುವಾರವೂ ತಪ್ಪಿಸಿರಲಿಲ್ಲ.

ದವಾಖಾನೆಗೆ ಹೋದೆ. ಅವರು ಚಹಾ ಕುಡಿಯುತ್ತಿದ್ದರು.

‘ನನಗ ಸುಳ್ಳ ಹೇಳಿದ್ರಿ.’

‘ಏನು ಸುಳ್ಳು? ಆಗ್ಯಾದ ಅಂದೆ. ಹೆಂಗ ಆಗ್ಯಾದ ಅಂತ ನೀ ಕೇಳಲಿಲ್ಲ.’

‘ಗೊತ್ತಾಗಿದ್ರ ನಾ ಹೋಗತಿದ್ದಿಲ್ಲ.’

‘ಅದಕ್ಕ.’ ಬಸಿಯಲ್ಲಿ ಉಳಿದ ಚಹಾ ಕುಡಿದು ಕೆಳಗಿಟ್ಟರು. ‘ನೀ ಇದ್ದು ಏನ್ ಮಾಡ್ತಿದ್ದಿ? ಕಾರ ನಿಂತಿತ್ತು. ನಿಂತ ಕಾರಿನ್ಯಾಗ ಕೂತು ಹೋಗ್ರಿ, ತಡೀರಿ ಅಂತಿದ್ದೇನು? ಕೈ ತೊಳಕೋ, ಒಳಗ ಇಬ್ರು ಕೂತಾರ.’

ಆ ಸೋಮವಾರ ಅವರ ಜೊತೆ ತಿಕೋಟಾಕ್ಕೆ ಹೋದೆ. ಈ ಸಲ ನಾನು ಎಡಗಡೆ. ದಾರಿಯಲ್ಲಿ ಕಣಿಕಿಯ ಚಕ್ಕಡಿ ಅಡ್ಡ ಬಂತು. ‘ತಡೀರಿ’ ಎಂದುಬಿಟ್ಟೆ. ‘ನನಗ ಕಾಣ್ತದ’ ಎಂದರು. ಆಚೆಯ ರಸ್ತೆ ಈಗ ಅವರಿಗೆ ಕಾಣುತ್ತಿತ್ತು, ನನಗೇ ಕಾಣುತ್ತಿರಲಿಲ್ಲ. ಊರಲ್ಲಿ ಕಾರು ನಿಂತದ್ದೇ ಹೆಂಗಸರು ಹಳೆಯ ರೂಢಿಯಂತೆ ಎಡಗಡೆಯ ಬಾಗಿಲಿಗೆ ಬಂದು, ನನ್ನ ಮುಖವನ್ನೂ ಸರಿಯಾಗಿ ನೋಡದೆ, ಮುಟ್ಟಿನ ನೋವಿನಿಂದ ಹಿಡಿದು ಸೊಸೆಯ ತಂಟೆಯವರೆಗೆ ಎಲ್ಲ ಹೇಳತೊಡಗಿದರು. ಒಬ್ಬ ಮುದುಕಿ ಹೇಳಿ ಮುಗಿಸಿದ ಮೇಲೆ ಕತ್ತೆತ್ತಿ ನೋಡಿ, ‘ಯವ್ವಾ, ನೀ ಏನ ಬೇ? ಬಾಯಾರು ಎಲ್ಲಿ?’ ಎಂದಳು.

‘ಆ ಕಡೆ ಅದಾರಬೇ.’

‘ಮತ್ತ ಮದಲ ಹೇಳಬಾರದೇನ? ಇಷ್ಟೊತ್ತು ಪುಕ್ಕಟ ಒದರಿದೆ.’

ಬಾಯಿಯವರು ಅತ್ತ ಕಡೆಯಿಂದ ಹೇಳಿದರು: ‘ಆಕೀಗೆ ಹೇಳು. ಆಕಿ ಅದನ್ನ ಕಲಿಯಾಕತ್ತಾಳ.’

ನಾನು ತರಬೇತಿ ಮುಗಿಸಿದೆ. ಬೇರೆ ತಾಲೂಕುಗಳಲ್ಲಿ ನೌಕರಿ ಮಾಡಿದೆ, ಮೇಲ್ವಿಚಾರಕಿಯಾದೆ. ವಿಜಾಪುರಕ್ಕೆ ಬಂದಾಗಲೆಲ್ಲ ದವಾಖಾನೆಗೆ ಹೋಗುತ್ತಿದ್ದೆ. ಅವರು ನನ್ನ ಕೆಲಸದ ಬಗ್ಗೆ ಕೇಳಿ, ನಾನು ಹೇಳಿ ಮುಗಿಸಿದ ಮೇಲೆ ‘ಮುಂದ?’ ಎನ್ನುತ್ತಿದ್ದರು. ನಾನು ನಿವೃತ್ತಿಯ ಹತ್ತಿರ ಇದ್ದಾಗ ತೀರಿಕೊಂಡರು. ಹಿಂದಿನ ದಿನದವರೆಗೂ ರೋಗಿಗಳನ್ನು ನೋಡಿದ್ದರು.

ಉತ್ತರಕ್ರಿಯೆ ಮುಗಿದ ಮೇಲೆ ಅಣ್ಣನ ಮಗ ಕಾರನ್ನು ಮಾರಲು ತೆಗೆದ. ಹಳೆಯ ಕಾರುಗಳನ್ನು ಸಂಗ್ರಹಿಸುವ ಒಬ್ಬರು ಬೆಳಗಾವಿಯಿಂದ ನೋಡಲು ಬಂದರು. ನಾನೂ ಅಲ್ಲಿದ್ದೆ. ಅವರು ಬಗ್ಗಿ, ಎದ್ದು, ಟೇಪಿನಿಂದ ಅಳೆದು, ಮುಂದಿನ ಹಲಗೆಯ ಎಡಗಡೆ ಹಚ್ಚಿದ ತಗಡಿನ ಮೇಲೆ ಬೆರಳು ಆಡಿಸಿದರು. ಮುಖ ಸಣ್ಣಗಾಯಿತು.

‘ಎಡಗಡೆ ಹೆಂಗಿತ್ತೋ ಹಂಗ ಬಿಟ್ಟಿದ್ರ ಇದರ ಕಿಮ್ಮತ್ತ ಬ್ಯಾರೇನ ಇತ್ತು. ಯಾವ ಶಾಣ್ಯಾ ಕೆಡಿಸ್ಯಾನೋ ಏನೋ.’

‘ನನ್ನ ಸಲುವಾಗಿ ಕೆಡಿಸ್ಯಾರ್ರಿ’ ಎಂದೆ.

ಅವರು ನನ್ನನ್ನು ಒಮ್ಮೆ ನೋಡಿದರು. ‘ನೀವು ಕಾರ ನಡಸ್ತಿದ್ರೇನು?’ ಎಂದು ಕೇಳಿದರು.

‘ಇಲ್ರಿ. ನಾ ನಡಸೂದು ಕಲೀಲೇ ಇಲ್ಲ.’