ಸೊಪ್ಪು ತೊಳೆದ ಡಬ್ಬಿ

ನಮ್ಮ ಕಡೆ ಬಿಸಿ ರೊಟ್ಟಿಯ ಜೊತೆ ಹಸಿ ಸೊಪ್ಪು ಇಲ್ಲದಿದ್ದರೆ ಅದು ಊಟವೇ ಅಲ್ಲ. ಹಕ್ಕರಿಕೆ, ಮೆಂತ್ಯೆ, ಎಳೆ ಮೂಲಂಗಿ, ಉಳ್ಳಾಗಡ್ಡಿಯ ಎಲೆ, ಯಾವುದಾದರೂ ಸರಿ. ನನ್ನ ತವರು ದೇವದುರ್ಗದ ಹತ್ತಿರದ ಒಣಭೂಮಿಯ ಹಳ್ಳಿ. ಅಲ್ಲಿ ಜೋಳದ ಹೊಲದಲ್ಲಿ ಹಕ್ಕರಿಕೆ ತಾನೇ ಹುಟ್ಟುತ್ತಿತ್ತು. ಕಿತ್ತು, ಎರಡು ಸಲ ಜಾಡಿಸಿ, ಮಣ್ಣು ಉದುರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ಸೊಪ್ಪು ತೊಳೆಯಬೇಕು ಎಂದು ಯಾರೂ ಹೇಳಿರಲಿಲ್ಲ.

ಮದುವೆಯಾಗಿ ಮಾನ್ವಿಗೆ ಬಂದೆ. ಇಲ್ಲಿ ಕಾಲುವೆ ನೀರು, ಬತ್ತ, ಹತ್ತಿ. ಎಲ್ಲಕ್ಕೂ ಎಣ್ಣೆ ಹೊಡೆಯುತ್ತಿದ್ದರು. ಹುಳ ಸಾಯಿಸುವ ಔಷಧಕ್ಕೆ ನಮ್ಮಲ್ಲಿ ಎಣ್ಣೆ ಎನ್ನುತ್ತಾರೆ. ನನ್ನ ಗಂಡ ಬೆನ್ನಿಗೆ ಪಂಪು ಕಟ್ಟಿಕೊಂಡು ಅದನ್ನು ಹೊಡೆಯುವ ಕೂಲಿಗೆ ಹೋಗುತ್ತಿದ್ದ. ಬದುವಿನ ಸೊಪ್ಪಿನ ಮೇಲೂ ಅದು ಬೀಳುತ್ತಿತ್ತು. ನಾವು ಹಳೇ ರೂಢಿಯಂತೆ ಜಾಡಿಸಿ ತಿನ್ನುತ್ತಿದ್ದೆವು.

ಎಂಬತ್ತನೇ ಇಸವಿಯ ಆಚೀಚೆ ಒಂದು ಚಳಿಗಾಲ, ಐದು ವರ್ಷದ ನನ್ನ ಮಗಳು ಹೊಲದ ಮೆಂತ್ಯೆ ತಿಂದು ವಾಂತಿ ಮಾಡತೊಡಗಿದಳು. ಬಸ್ಸು ಹಿಡಿದು ರಾಯಚೂರಿನ ದೊಡ್ಡ ದವಾಖಾನೆಗೆ ಒಯ್ದೆ. ನಾಲ್ಕು ದಿನ ಇಟ್ಟುಕೊಂಡರು. ಕಳಿಸುವಾಗ ನರ್ಸಬಾಯಿ ಅವಳನ್ನು ತೂಕ ಮಾಡಿ ನನ್ನ ಮುಖ ನೋಡಿದಳು.

"ಹುಡುಗಿ ಕೈ ನೋಡವ್ವಾ, ಲಟ್ಟಣಿಗಿಗಿಂತ ಸಣ್ಣ ಅದಾವ. ಒಂದು ತಿಂಗಳದಾಗ ತೂಕ ಏರಲಿಲ್ಲಂದ್ರ ಮತ್ತ ಕರಕೊಂಡು ಬಾ. ಇಲ್ಲೇ ಇಟ್ಕೋಬೇಕಾಗ್ತದ."

"ಹಸಿ ಸೊಪ್ಪಿಲ್ದ ಅಕಿ ರೊಟ್ಟಿ ಮುಟ್ಟಂಗಿಲ್ರೀ."

"ಎಣ್ಣಿ ಹೊಡದ ಹೊಲದ್ದು ತರಬ್ಯಾಡ. ತಂದದ್ದು ತೊಳದು ಕೊಡು. ಅಗಲ ಪಾತ್ರಿದಾಗ ನೀರು, ಉಪ್ಪು, ಚಿಟಿಕಿ ಅರಿಷಿಣ. ಸ್ವಲ್ಪ ಹೊತ್ತು ಮುಳುಗಿಸಿಡು. ಆಮ್ಯಾಲ ಬರೇ ನೀರಾಗ ಎರಡು ಸಲ. ನಿನ್ನ ಮನ್ಯಾಗ ಇಲ್ಲದ್ದು ಏನೂ ಹೇಳಿಲ್ಲ ನಾನು."

ಉಪ್ಪು, ಅರಿಶಿನ ಇದ್ದವು. ಅಗಲ ಪಾತ್ರೆ ಇರಲಿಲ್ಲ. ಇದ್ದ ಒಂದು ಪರಾತದಲ್ಲಿ ಅತ್ತೆ ಹಿಟ್ಟು ನಾದುತ್ತಿದ್ದಳು, ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಗಂಡ ಹೊಲದಿಂದ ಎಣ್ಣೆಯ ಖಾಲಿ ಡಬ್ಬಿ ತಂದು ಮೇಲಿನ ತಗಡು ಕತ್ತರಿಸಿ ಕೊಟ್ಟ. ನಮ್ಮ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಅಂಥ ಡಬ್ಬಿ ಇತ್ತು. ಕೆಲವರು ಜೋಳ ತುಂಬುತ್ತಿದ್ದರು, ಕೆಲವರು ನೀರು. ನಾನು ಬೂದಿ, ಹುಣಸೆಹಣ್ಣು ಹಾಕಿ ಮೂರು ಸಲ ಉಜ್ಜಿದೆ. ಮುಖ ಕಾಣುವಷ್ಟು ಹೊಳೆಯಿತು. ಹೊಳೆದದ್ದೆಲ್ಲ ಸ್ವಚ್ಛ ಎಂದುಕೊಂಡೆ.

ಬಾವಿಯ ನೀರಿನ ತೋಟವೊಂದಿತ್ತು, ಅಲ್ಲಿ ಎಣ್ಣೆ ಹೊಡೆಯುತ್ತಿರಲಿಲ್ಲ. ಅಲ್ಲಿಂದ ಮೆಂತ್ಯೆ ತಂದೆ. ಅತ್ತೆ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು.

"ಅರಿಷಿಣ ಆತು, ಜಳಕ ಆತು. ಇನ್ನ ಸೊಪ್ಪಿಗಿ ಒಂದು ಗಂಡು ಹುಡುಕು, ಅಕ್ಕಿಕಾಳು ಹಾಕಾಕ ನಾ ಬರ್ತೀನಿ."

ಮೊದಲ ದಿನ ಮುಷ್ಟಿ ಉಪ್ಪು ಸುರಿದು, ನೆಲ ಸಾರಿಸಿ ಬರುವಷ್ಟರಲ್ಲಿ ಎಲೆಯೆಲ್ಲ ಜೋತುಬಿದ್ದಿತ್ತು.

"ಒಲಿ ಹಚ್ಚಲಾರದ ಪಲ್ಯಾ ಮಾಡಿದಿ ನೋಡು" ಎಂದಳು ಅತ್ತೆ. ಮಗಳು ಬಾಯಿಗಿಟ್ಟು ಉಗುಳಿದಳು.

ಮರುದಿನದಿಂದ ಉಪ್ಪು ಕಡಿಮೆ ಮಾಡಿದೆ, ಹೊತ್ತೂ ಕಡಿಮೆ ಮಾಡಿದೆ. ಎಲೆ ಗರಿಗರಿ ಉಳಿಯಿತು, ಮಗಳು ತಿಂದಳು. ನಾಲ್ಕನೆಯ ದಿನ ಮತ್ತೆ ವಾಂತಿ. ತೋಟದವಳನ್ನು ಬೈದೆ, ನರ್ಸಬಾಯಿಯನ್ನು ಬೈದೆ. ನನ್ನನ್ನು ಬಿಟ್ಟು ಎಲ್ಲರನ್ನೂ ಬೈದೆ.

ಆ ಮಧ್ಯಾಹ್ನ ಡಬ್ಬಿ ಅಂಗಳದ ಬಿಸಿಲಲ್ಲಿ ಒಣಗುತ್ತಿತ್ತು. ಹಾದು ಹೋಗುತ್ತಿದ್ದ ಅತ್ತೆ ನಿಂತಳು, ಬಗ್ಗಿದಳು, ಮೂಸಿದಳು.

"ಇಲ್ಲಿ ಬಾ. ಇದರಾಗ ಮೂಗು ಇಡು."

ಇಟ್ಟೆ. ನನ್ನ ಗಂಡ ಸಂಜೆ ಕೆಲಸದಿಂದ ಬಂದಾಗ ಅಂಗಿಯಿಂದ ಬರುವ ವಾಸನೆ. ಕಾದ ತಗಡಿನ ಬೆಸುಗೆಯ ಸಂದಿಯಿಂದ ಏಳುತ್ತಿತ್ತು. ಅಲ್ಲಿಗೆ ನನ್ನ ಬೂದಿಯೂ ಹೋಗಿರಲಿಲ್ಲ, ಹುಣಸೆಹಣ್ಣೂ ಹೋಗಿರಲಿಲ್ಲ. ಒಳ್ಳೆಯ ಸೊಪ್ಪನ್ನು ಹುಡುಕಿ ತಂದು, ನಾನೇ ವಿಷದಲ್ಲಿ ಅದ್ದಿ ಮಗಳಿಗೆ ತಿನ್ನಿಸಿದ್ದೆ. ತಿಳಿಯದೆ ಆಯಿತು ಎಂದು ಈಗಲೂ ಹೇಳಿಕೊಳ್ಳುವುದಿಲ್ಲ. ಮುಖದ ಮೇಲೆ ಮೂಗು ಇತ್ತಲ್ಲ.

ದೊಡ್ಡ ಮೊಳೆ, ಗುಂಡುಕಲ್ಲು ತೆಗೆದುಕೊಂಡು ಡಬ್ಬಿಯ ತಳಕ್ಕೆ ಐದು ತೂತು ಹಾಕಿದೆ. ಸಂಜೆ ಗಂಡ ನೋಡಿದ.

"ಚಲೋ ಡಬ್ಬಿ ಕೆಡಿಸಿದಿ. ತಲಿ ಕೆಟ್ಟದೇನು ನಿನಗ?"

"ಇನ್ನೊಂದು ತಂದು ನೋಡು. ಅದಕ್ಕೂ ಹಾಕ್ತೀನಿ."

"ಅಕಿ ಬಿಟ್ರ ನಾ ಹಾಕ್ತೀನಿ" ಎಂದಳು ಅವನ ತಾಯಿ, ಒಳಗಿನಿಂದ.

ಮರುದಿನ ಹಿಟ್ಟು ನಾದಿ ಮುಗಿಸಿದ ಅತ್ತೆ ಪರಾತವನ್ನು ತಿಕ್ಕಿ ತೊಳೆದು ನನ್ನ ಕಡೆ ತಳ್ಳಿದಳು. "ಸೊಟ್ಟ ಮಾಡಿ ಕೊಟ್ರ ಕೈ ಮುರೀತೀನಿ" ಎಂದಳು. ಅಂದಿನಿಂದ ಸೊಪ್ಪು ಅದರಲ್ಲೇ, ಮಗಳಿಗೆ ವಾಂತಿ ಮತ್ತೆ ಬರಲಿಲ್ಲ. ಉಪ್ಪುನೀರಿಗೆ ಸಣ್ಣ ಹುಳ ತೇಲುತ್ತಿದ್ದವು, ಮಣ್ಣು ಕೆಳಗೆ ಕೂರುತ್ತಿತ್ತು. ಉಪ್ಪು ಎಲ್ಲ ವಿಷವನ್ನೂ ತೆಗೆಯುತ್ತದೆ ಎಂದು ನಾನು ಹೇಳುವುದಿಲ್ಲ. ಅದಕ್ಕೇ ಎಲ್ಲಿ ಬೆಳೆದದ್ದು ಎಂದು ಮೊದಲು ಕೇಳುತ್ತಿದ್ದೆ, ಆಮೇಲೆ ಕೊಳ್ಳುತ್ತಿದ್ದೆ.

ಓಣಿಯಲ್ಲಿ ಮನೆಮನೆಗೆ ಹೋಗಿ ಹೇಳಿದೆ. ನಕ್ಕರು. ನಕ್ಕವರ ಡಬ್ಬಿಯನ್ನೇ ಬಿಸಿಲಿಗಿಟ್ಟು ಮೂಸಲು ಹೇಳಿದೆ. ಇಬ್ಬರು ಅವತ್ತೇ ನನ್ನ ಮೊಳೆ ಕೇಳಿದರು.

ತಿಂಗಳು ಕಳೆದ ಮೇಲೆ ಮತ್ತೆ ರಾಯಚೂರು. ಮಗಳು ತೂಕದ ಹಲಗೆಯ ಮೇಲೆ ನಿಂತಾಗ ನಾನು ಮುಳ್ಳಿನ ಕಡೆ ನೋಡಲಿಲ್ಲ, ನರ್ಸಬಾಯಿಯ ಹುಬ್ಬನ್ನೇ ನೋಡಿದೆ.

"ಏರ್ಯಾದ. ಬಾಳ ಏನಿಲ್ಲ, ಆದ್ರ ಏರ್ಯಾದ. ಮನಿಗಿ ಕರಕೊಂಡು ಹೋಗು."

ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳು ಸೌತೆಕಾಯಿ ಸೀಳಿ ಖಾರ ಹಚ್ಚಿ ಮಾರುತ್ತಿದ್ದಳು. ಮಗಳು ಬೇಕೆಂದಳು, ನಾನು ಕೊಡಿಸಲಿಲ್ಲ. ಬಸ್ಸು ಹೊರಟರೂ ಅವಳ ಅಳು ನಿಲ್ಲಲಿಲ್ಲ, ಮುಂದಿನ ಸೀಟಿಗೆ ಕಾಲು ಬಡಿದು ಬಡಿದು ಅತ್ತಳು.

"ಯವ್ವಾ, ಹುಡುಗಿನ ಸುಮ್ಮನ ಮಾಡು" ಎಂದ ಕಂಡಕ್ಟರ್. "ನಮ್ಮ ಬಸ್ಸಿನ ಹಾರ್ನ್ ನಮಗ ಕೇಳವಲ್ದು."

"ಅಳ್ಲಿ ಬಿಡ್ರಿ. ಹೋದ ತಿಂಗಳು ಅಳಾಕ ಶಕ್ತಿ ಇದ್ದಿಲ್ಲ ಅಕಿಗಿ."

ಎಲ್ಲಿ ಬೆಳೆದದ್ದೆಂದು ಕೇಳಿ ಆ ಮಾರುವವಳಿಂದಲೇ ಕೊಂಡ, ಸೀಳದ ಎರಡು ಸೌತೆಕಾಯಿ ನನ್ನ ಸೆರಗಿನಲ್ಲಿ ಕಟ್ಟಿಕೊಂಡಿದ್ದೆ. ತೊಳೆಯುವವರೆಗೆ ಅವಳಿಗೆ ತೋರಿಸುವುದು ಬೇಡ ಎಂದು ಗಂಟನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡೆ.