ದಾರಿಯಲ್ಲಿದ್ದ ಹೊಲ

ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸಿದರೆ ತಳದ ಹೂಳು ಒಣಗಿ, ಬಿರಿದು, ಅಂಚು ಮೇಲೆದ್ದು ಹಪ್ಪಳದ ಹಾಗೆ ಸುರುಳಿಯಾಗುತ್ತದೆ. ಮೊನ್ನೆ ಗಂಗಾವತಿಯ ನಮ್ಮ ಮನೆಯ ಹಿಂದಿನ ಕಾಲುವೆಗಿಳಿದು ಅಂಥದೊಂದನ್ನು ಎತ್ತಿಕೊಂಡೆ. ಮುರಿದರೆ ಒಳಗೆ ಇನ್ನೂ ತೇವವಿತ್ತು. ಮೂಗಿಗೆ ಹಿಡಿದೆ. ಕೊಳೆತ ಎಲೆ, ಕುರಿ ಹಿಕ್ಕೆ, ಮಳೆ... ಎಲ್ಲ ಸೇರಿದ ವಾಸನೆ. ಹಿಂದೆ ನಾನಿದ್ದ ಹಳ್ಳಿಯ ಎದುರುಮನೆಯ ಅಕ್ಕನ ಸೆರಗಿನ ವಾಸನೆ ಅದು. ಅವಳ ಮುಖ ಮಾತ್ರ ಬರಲಿಲ್ಲ. ಈಗಲೂ ಬರುತ್ತಿಲ್ಲ. ಒಂದು ಮುಖವನ್ನು ಕಟ್ಟಿ ಇಲ್ಲಿ ಬರೆಯಬಹುದು, ಬರೆಯುವುದಿಲ್ಲ.

ನಾನು ಕೊಪ್ಪಳದಿಂದ ಯಲಬುರ್ಗಾ ಸೀಮೆಯ ಆ ಹಳ್ಳಿಗೆ ಸೊಸೆಯಾಗಿ ಹೋದಾಗ ನಿಜಾಮನ ಆಳ್ವಿಕೆ. ಹೊರಗೆಲ್ಲೋ ದೊಡ್ಡ ಯುದ್ಧ. ಎದುರುಮನೆಯ ಅಣ್ಣತಮ್ಮಂದಿರು ಬೇರೆಯಾಗಿ ಹೊಲ ಹಂಚಿಕೊಂಡಿದ್ದರು. ಕಿರಿಯವನ ಹೆಂಡತಿಯಾದ ಅಕ್ಕನ ಪಾಲಿಗೆ ಬಂದದ್ದು ಗುಡ್ಡದ ಬುಡದ ಒಂದು ಕೊರಕಲು. ಮಳೆ ಬಂದರೆ ನೀರು, ಉಳಿದ ದಿನ ಬರೀ ಕಲ್ಲು. ಗಂಡಹೆಂಡಿರಿಬ್ಬರೂ ಬೇರೆಯವರ ಹೊಲದಲ್ಲಿ ಕೂಲಿ ಮಾಡುತ್ತಿದ್ದರು. ಕೂಲಿ ಮುಗಿದ ಮೇಲೆ ಅಕ್ಕ ಆ ಕೊರಕಲಿಗೆ ಅಡ್ಡಲಾಗಿ ಕಲ್ಲು ಒಟ್ಟುತ್ತಿದ್ದಳು. ನೀರು ಕಲ್ಲಿಗೆ ತಡೆದು ನಿಂತರೆ ಅದು ಹೊತ್ತು ತಂದ ಮಣ್ಣು ಅಲ್ಲೇ ಕೂಡುತ್ತದೆ, ವರ್ಷವರ್ಷ ಒಡ್ಡು ಏರಿಸುತ್ತ ಹೋದರೆ ಎಂದಾದರೂ ಹೊಲವಾಗುತ್ತದೆ. ಇಷ್ಟೇ ಅವಳ ಎಣಿಕೆ. ತನ್ನದು ಎನ್ನುವ ಒಂದು ತುಂಡು ಹೊಲ ಅವಳಿಗೆ ಬೇಕಿತ್ತು.

ಊರಿಗೆ ಇದು ನಗೆಯ ಮಾತು. ಬಾವಿಯ ಹತ್ತಿರ ಹೆಂಗಸರು ಕೆಣಕುತ್ತಿದ್ದರು.

“ಏನವಾ, ಎಲ್ಲೀತನಕ ಬಂತು ನಿನ್ನ ಹೊಲ?”

“ಬರಾಕ ಹತ್ತೇತ್ರಿ. ಇನ್ನ ದಾರ್ಯಾಗ ಐತಿ.”

“ಬಂದ್ರ ಹೇಳು, ಹಲಿಗಿ ಬಾರಿಸ್ಕೋಂತ ಎದುರುಗೊಳ್ಳಾಕ ಬರ್ತೀವಿ.”

“ಬರ್ರಿ, ಬರ್ರಿ. ಬರೂವಾಗ ಒಂದೊಂದು ಕಲ್ಲು ತರ್ರಿ.”

ಮೊದಲ ಒಡ್ಡು ನಿಲ್ಲಲಿಲ್ಲ. ಹೆಚ್ಚಾದ ನೀರಿಗೆ ದಾರಿ ಬಿಡದೆ ಕಟ್ಟಿದ್ದಳು. ಒಂದೇ ಮಳೆ ಅಷ್ಟೂ ಕಲ್ಲನ್ನು ಉರುಳಿಸಿಕೊಂಡು ಹೋಯಿತು. ಮತ್ತೆ ಕಟ್ಟುವಾಗ ಪಕ್ಕಕ್ಕೆ ಕೋಡಿ ಬಿಟ್ಟಳು. ಆಗ ನಾನೂ ಜೊತೆಗಿದ್ದೆ. ಅವಳು ನಮ್ಮ ಕೊಯ್ಲಿಗೆ ಬರುತ್ತಿದ್ದಳು, ಅದಕ್ಕೆ ಮುಯ್ಯಿಯಾಗಿ ನಾನು ಅವಳ ಕಲ್ಲು ಹೊರುತ್ತಿದ್ದೆ. ಅತ್ತೆ ಗೊಣಗುತ್ತಿದ್ದರು... ಗೊಣಗುತ್ತಿದ್ದರೇ? ನೆನಪಿನಲ್ಲಿ ಎಲ್ಲ ಅತ್ತೆಯರೂ ಗೊಣಗುತ್ತಾರೆ. ನಮ್ಮತ್ತೆ, ಪಾಪ, ರೊಟ್ಟಿ ಕಟ್ಟಿ ಕಳಿಸಿದ್ದೂ ಇರಬಹುದು.

ಕೆಲವು ಮಳೆಗಾಲ ಕಳೆದ ಮೇಲೆ ಒಡ್ಡಿನ ಹಿಂದೆ ಒಂದು ಅಂಗಳದಷ್ಟು ಮಣ್ಣು ಕೂಡಿತು. ಕಾಲಿಟ್ಟರೆ ಹಿಮ್ಮಡಿ ಇಳಿಯುವಷ್ಟು ಮೆತ್ತಗೆ. ಅಕ್ಕ ಸಲಿಕೆಯಿಂದಲೇ ಕೆದರಿ ಸಜ್ಜೆ ಚೆಲ್ಲಿದಳು. ತೆನೆಗಳು ಮೊಳದುದ್ದ ಬಂದವು. ಬಾವಿಯ ಹತ್ತಿರದ ನಗೆ ನಿಂತಿತು.

ಸಜ್ಜೆ ಕೊಯ್ದ ಮರುದಿನವೇ ಮೇಲಿನ ಹೊಲದ ಕಾಕಾ ಬಂಡಿ ಹೂಡಿಕೊಂಡು ಬಂದ. ಗುಡ್ಡದ ಇಳಿಜಾರಿನಲ್ಲಿ ಅವನ ಹೊಲ. ಪ್ರತಿ ಮಳೆಗೂ ಅಲ್ಲಿಯ ಮಣ್ಣು ಜಾರಿ ಕಲ್ಲುಗಳು ಹಲ್ಲು ಕಿರಿಯುತ್ತಿದ್ದವು.

“ಇದು ನನ್ನ ಮಣ್ಣು. ಒಯ್ಯಾಕ ಬಂದೀನಿ.”

ಅಕ್ಕ ಸೆರಗು ಸಿಕ್ಕಿಸಿಕೊಂಡು ನಿಂತಳು. “ಒಯ್ರಿ. ಆದ್ರ ನಿಮ್ದಷ್ಟ ಒಯ್ರಿ. ಇದ್ರಾಗ ಗುಡ್ಡದ್ದೈತಿ, ಗೌಡ್ರ ಹೊಲದ್ದೈತಿ, ಹಾದ್ಯಾಗಿಂದೂ ಐತಿ. ಆರಿಸಿ, ಹಸನ ಮಾಡಿ ಒಯ್ರಿ.”

“ಚಾಷ್ಟಿ ಮಾಡಬ್ಯಾಡ. ಪಂಚರ ಮುಂದ ಫಿರ್ಯಾದಿ ಒಯ್ತೀನಿ.”

“ಅವರನ್ನೂ ಬಂಡ್ಯಾಗ ಕುಂದರಿಸ್ಕೊಂಡು ಬರ್ರಿ. ಅವರೂ ಒಂದೀಟು ಆರಸ್ಲಿ.”

ಅವನು ಗುದ್ದಲಿ ಹಾಕಿಯೇಬಿಟ್ಟ. ಅಕ್ಕ ತಡೆಯಲಿಲ್ಲ. ಹಸಿ ಮಣ್ಣಿನ ಭಾರಕ್ಕೆ ಎತ್ತುಗಳು ಏರಿನಲ್ಲಿ ಮಂಡಿಯೂರಿದವು. ಹೇಗೋ ಒಂದು ಬಂಡಿ ಮಣ್ಣು ಮೇಲೆ ಹೋಯಿತು, ಅವನ ಹೊಲದಲ್ಲಿ ಹರಡಿಕೊಂಡಿತು. ಅದೇ ವಾರ ಹಿಂಗಾರಿ ಮಳೆ ಜಡಿದು ಹೊಡೆಯಿತು. ಬೆಳಗ್ಗೆ ನೋಡಿದರೆ ಆ ಮಣ್ಣೆಲ್ಲ ಇಳಿದು ಬಂದು ಮತ್ತೆ ಅಕ್ಕನ ಒಡ್ಡಿನ ಹಿಂದೆ ಕೂತಿತ್ತು.

ಕಾಕಾ ಬಂದ. ಒಡ್ಡಿನ ಮೇಲೆ ಕೂತ. ಒಂದು ಹಿಡಿ ಮಣ್ಣೆತ್ತಿ ಹಿಚುಕಿದ.

“ನನ್ನ ಹೊಲಕ್ಕೂ ಹಿಂಗ ಒಡ್ಡು ಹಾಕಬೇಕು ಅನಸ್ತೈತಿ,” ಎಂದ ಕೊನೆಗೆ. “ಹಾಕಿದ್ರ ನಿನಗ ಮಣ್ಣು ಬರೂದು ಕಡಿಮಿ ಆಕ್ಕೈತಿ, ನೋಡು.”

“ಗೊತ್ತೈತ್ರಿ,” ಎಂದಳು ಅಕ್ಕ. ಅವಳ ಹೊಲವಿನ್ನೂ ಕಾಲುಭಾಗವೂ ಬಂದಿರಲಿಲ್ಲ.

ಮುಂದಿನದು ನನ್ನಲ್ಲಿ ಎರಡಾಗಿ ಉಳಿದಿದೆ. ಒಂದರಲ್ಲಿ ಅಕ್ಕ ಕೂಡಲೇ, “ನಾಳೆ ಬರ್ತೀನಿ, ಕಲ್ಲು ಕೂಡಸೂದು ನನಗ ರೂಢಿ ಆಗೈತಿ” ಅನ್ನುತ್ತಾಳೆ. ವರ್ಷಗಟ್ಟಲೆ ನಾನು ಎಲ್ಲರಿಗೂ ಹೇಳಿಕೊಂಡು ಬಂದದ್ದು ಇದನ್ನೇ. ಆದರೆ ನನ್ನ ನೆಗೆಣ್ಣಿಯ ಪ್ರಕಾರ ಹಾಗೇನೂ ಆಗಲಿಲ್ಲ. ಅಕ್ಕ ಮನೆಗೆ ಬಂದು ಒಲೆ ಹಚ್ಚದೆ ಕೂತಳಂತೆ. ಗಂಡನನ್ನು ಬೈದಳಂತೆ, ಕಾಕಾನ ವಂಶವನ್ನೇ ಬೈದಳಂತೆ. ಆಮೇಲೆ ಹೋಗಿ ಚೌಕಾಶಿ ಮಾಡಿದಳಂತೆ: ಅವನ ಒಡ್ಡು ಕಟ್ಟಲು ತಾನು ಹೋಗಬೇಕು, ತನ್ನ ಹೊಲವನ್ನು ಪ್ರತಿ ವರ್ಷ ಹರಗಿ ಬಿತ್ತಲು ಅವನು ಎತ್ತು ತರಬೇಕು. ನೆಗೆಣ್ಣಿ ಹೇಳಿದ್ದೇ ನಿಜವಿರಬೇಕು. ಯಾಕೆಂದರೆ ಮುಂದಿನ ಬಿತ್ತಿಗೆಯಲ್ಲಿ ಕಾಕಾನ ಎತ್ತುಗಳು ಅಂಗಳದಷ್ಟು ಜಾಗದಲ್ಲಿ ತಿರುಗಲಾರದೆ ಒದ್ದಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಕ್ಕ ಬಾಯಿ ತುಂಬ ನಗುತ್ತಿದ್ದಳು. ಕಾಕಾನೂ...

ಬಿತ್ತಿಗೆಗೆ ಮುಂಚಿನ ಆ ಚಳಿಗಾಲವೆಲ್ಲ ಕಾಕಾನ ಇಳಿಜಾರಿನಲ್ಲಿ ಒಡ್ಡು ಹಾಕಿದೆವು. ಒಂದು ದಿನ ಬುಟ್ಟಿ ಇಳಿಸಿ ಅವಳನ್ನು ಕೇಳಿದೆ: “ಇನ್ನ ನಿನ್ನ ಹೊಲ ಹೆಂಗ ಬೆಳಿತೈತಿ ಅಕ್ಕಾ?”

ಅವಳು ಗುಡ್ಡದ ಕಡೆ ಗದ್ದ ಎತ್ತಿದಳು. “ಗುಡ್ಡ ಖಾಲಿ ಆಗೇತೇನ? ಸಾವಕಾಶ ಬರ್ತೈತಿ ತಗೋ. ಈಗರ ಎತ್ತು ಅದಾವು.”

ಸಾವಕಾಶವಾಗಿಯೇ ಬಂತು. ನಾವು ಊರು ಬಿಟ್ಟು ಕಾಲುವೆಯ ಸೀಮೆಗೆ ಹೊರಟಾಗಲೂ ಅವಳ ಹೊಲ ಪೂರ್ತಿಯಾಗಿರಲಿಲ್ಲ. ಅಕ್ಕ ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ಬಹಳ ತಡವಾಗಿತ್ತು. ಅಳಲೂ ಆಗದಷ್ಟು ಹಳೆಯ ಸುದ್ದಿ.

ಹೋದ ವರ್ಷ ಆ ಕಡೆ ಹೋಗಿದ್ದೆ. ಗುಡ್ಡದ ಬುಡದಲ್ಲಿ ಬಹಳ ಹೊತ್ತು ಹುಡುಕಿದೆ. ಕೊರಕಲು ಸಿಗಲಿಲ್ಲ. ಉದ್ದಕ್ಕೂ ಒಂದೇ ಸಮನಾದ ಹೊಲ, ಮೊಳಕಾಲೆತ್ತರದ ಜೋಳ. ಒಬ್ಬ ತರುಣಿ ಕಳೆ ತೆಗೆಯುತ್ತಿದ್ದಳು.

“ಇಲ್ಲೊಂದು ಹಳ್ಳ ಇತ್ತಲ್ಲವಾ?”

ಅವಳು ಸುತ್ತ ನೋಡಿದಳು. “ಹಳ್ಳ? ಇಲ್ಲಬೇ ಯಮ್ಮಾ. ಇದು ಮೊದ್ಲಿಂದ ಹೊಲಾನ ಐತಿ.”

ಅಕ್ಕನ ವಿಷಯ ಹೇಳಬೇಕೆನಿಸಿತು. ಆ ತರುಣಿಯ ಪಕ್ಕದ ಸಾಲಿನಲ್ಲಿ ಕೂತು ನಾನೂ ಕಳೆ ಕೀಳತೊಡಗಿದೆ.