ಚೇಚಿಯ ಬಾಟಲಿಯಲ್ಲಿದ್ದದ್ದು

ಮೊನ್ನೆ ಅಡುಗೆಮನೆಯ ಮೂಲೆಯ ಪಾತ್ರೆಯೊಂದರ ಮುಚ್ಚಳ ತೆಗೆದೆ, ವಾಸನೆ ಮೂಗಿಗೆ ಬಡಿಯಿತು. ಕಾಯಿ ಒಡೆದಾಗ ಹಿಡಿದಿಟ್ಟು ಮರೆತ ನೀರು, ಎರಡು ದಿನಕ್ಕೆ ಹುಳಿ ಬಂದು ಥೇಟ್ ಕಳ್ಳಿನ ಹಾಗೆ ನಾರುತ್ತಿತ್ತು. ಗಂಡ ಕುಡಿತ ಬಿಟ್ಟು ಇಪ್ಪತ್ತು ವರ್ಷವಾಯಿತು, ನನ್ನ ಮೂಗು ಮಾತ್ರ ಇನ್ನೂ ಕಾವಲು ಬಿಟ್ಟಿಲ್ಲ.

ಅದೇ ಹೊತ್ತಿಗೆ ಸೊಸೆ ಮೊಬೈಲು ಹಿಡಿದುಕೊಂಡು ಬಂದಳು. ಅದರಲ್ಲಿ ನೋಡಿ ಏನೋ ಕೋಳಿ ಅಡುಗೆ ಮಾಡಲು ಹೊರಟಿದ್ದಳು.

"ಅತ್ತೆ, ಇದಕ್ಕೆ ವೈಟ್ ವೈನ್ ಹಾಕ್ಬೇಕಂತೆ. ಅದಿಲ್ಲದಿದ್ರೆ ಬೇರೆ ಎಂತ ಹಾಕುದು?"

ನಾನು ಆ ಪಾತ್ರೆಯನ್ನು ಹಿಡಿದುಕೊಂಡೇ ನಿಂತುಬಿಟ್ಟೆ. ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಒಬ್ಬರೇ ಒಬ್ಬರು...

ಅವರು ನಮ್ಮ ಪಕ್ಕದ ರಬ್ಬರ್ ತೋಟದವರು, ಕೇರಳದಿಂದ ಬಂದು ಕಡಬದ ಕಡೆ ಜಾಗ ಮಾಡಿದ ಕುಟುಂಬದವರು. ನಾವೆಲ್ಲ ಅವರ ಭಾಷೆಯಲ್ಲೇ ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದೆವು; ಅವರು ನನ್ನನ್ನು ಮೋಳೇ, ಮಗಳೇ, ಎನ್ನುತ್ತಿದ್ದರು. ಮದುವೆಗೆ ಮೊದಲು ಕುವೈತಿನಲ್ಲಿ ಯಾರೋ ಬಿಳಿಯರ ಮನೆಯಲ್ಲಿ ಅಡುಗೆಗೆ ಇದ್ದರಂತೆ. ಪ್ರತಿ ಭಾನುವಾರ ಇಗರ್ಜಿಯಿಂದ ಬಂದು ಕೋಳಿಯ ಬಿಳಿ ಸ್ಟ್ಯೂ ಮಾಡಿ, ಬೇಲಿಯ ಮೇಲಿನಿಂದ ನಮಗೂ ಒಂದು ಪಾತ್ರೆ ದಾಟಿಸುತ್ತಿದ್ದರು. ನನ್ನ ಗಂಡ ಅದನ್ನು ಬೆರಳು ನೆಕ್ಕಿ ಉಣ್ಣುತ್ತಿದ್ದರು. ಅವರು ಅಷ್ಟು ಖುಷಿಯಲ್ಲಿ ಉಣ್ಣುವುದೇ ನನಗೆ ಸಂಶಯ!

ಸಂಶಯ ಪಡದೆ ಏನು ಮಾಡಲಿ? ಆಗ ಅವರು ಕುಡಿತ ಬಿಟ್ಟು ಆರು ತಿಂಗಳಷ್ಟೇ ಆಗಿತ್ತು. ಇನ್ನೊಮ್ಮೆ ಕುಡಿದರೆ ಲಿವರ್ ಉಳಿಯುವುದಿಲ್ಲ ಎಂದು ಪುತ್ತೂರಿನ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ನಾವು ದೈವದ ಎದುರು ಮಾತು ಕೊಟ್ಟು ಬಂದಿದ್ದೆವು, ಇನ್ನು ಈ ಮನೆಯಲ್ಲಿ ಯಾರ ನಾಲಿಗೆಗೂ ಅದು ತಾಗುವುದಿಲ್ಲ ಎಂದು. ಯಾರ ನಾಲಿಗೆಗೂ ಎಂದರೆ ನನ್ನದೂ ಸೇರಿ. ನಾನು ಲೋಟ ಮೂಸುತ್ತಿದ್ದೆ, ಅಂಗಿ ಮೂಸುತ್ತಿದ್ದೆ, ಕೆಮ್ಮಿನ ಔಷಧ ಮೂಸುತ್ತಿದ್ದೆ. ಅತ್ತೆಯ ಬಾಣಂತನದ ಕಾಲದಿಂದ ಮನೆಯಲ್ಲಿದ್ದ ಅರಿಷ್ಟದ ಕುಪ್ಪಿಯನ್ನೂ ತೆಂಗಿನ ಬುಡಕ್ಕೆ ಸುರಿದಿದ್ದೆ.

ಒಂದು ಭಾನುವಾರ ಪಾತ್ರೆ ಹಿಂದೆ ಕೊಡಲೆಂದು ಇಬ್ಬರೂ ಅವರ ಮನೆಗೆ ಹೋದೆವು. ಚೇಚಿ ಒಲೆಯ ಮುಂದೆ ನಿಂತು, ವೈನಿನ ಬಾಟಲಿಯೊಂದರಿಂದ ಸ್ಟ್ಯೂವಿಗೆ ಏನೋ ಸುರಿಯುತ್ತಿದ್ದರು. ಬಾಯಿಗೆ ಬಟ್ಟೆ ಕಟ್ಟಿದ್ದ ಬಾಟಲಿ. ನಾನು ಅದನ್ನು ಕಿತ್ತುಕೊಂಡು ಮೂಸಿದೆ. ಹುಳಿ ಹುಳಿ, ಕಳ್ಳಿನ ಘಾಟು.

"ಇಷ್ಟು ದಿನ ಇದನ್ನಾ ನೀವು ಇವರಿಗೆ ತಿನ್ನಿಸಿದ್ದು?"

"ಅಯ್ಯೋ ಮೋಳೇ, ಅದು ತೆಂಗಿನಕಾಯಿ ನೀರು. ಎರಡು ದಿನ ಹುಳಿ ಬರಿಸಿದ್ದು," ಎಂದರು ಚೇಚಿ. "ಕುವೈತಲ್ಲಿ ವೈನು ಎಲ್ಲಿ ಸಿಗ್ತದೆ? ಅಲ್ಲಿ ನಾನು ದ್ರಾಕ್ಷಿ ರಸಕ್ಕೆ ವಿನಾಗ್ರಿ ಬೆರೆಸಿ ಹಾಕ್ತಿದ್ದೆ. ಇಲ್ಲಿ ಇದು, ಮತ್ತೆ ಹುಳಿಗೆ ಎರಡು ಬಿಂಬುಳಿ ಕಾಯಿ ಹಿಂಡುದು. ಬಾಟ್ಲಿ ಬರೀ ಬಾಟ್ಲಿ ಮೋಳೇ, ನಿನ್ನ ಮನೆಯ ಎಣ್ಣೆಯೂ ಅಂಥದ್ದರಲ್ಲೇ ಉಂಟಲ್ಲ?"

ಅದು ನಿಜ. ನಮ್ಮ ಕಡೆ ಜೇನು, ತೆಂಗಿನೆಣ್ಣೆ ಎಲ್ಲ ತುಂಬುವುದು ಬ್ರಾಂದಿ ಬಾಟಲಿಗಳಲ್ಲೇ. ಆದರೆ ನನ್ನ ಕಿವಿಗೆ ಆಗ ಯಾವುದೂ ಹೋಗುವ ಹಾಗಿರಲಿಲ್ಲ.

"ಒಂದು ಚಮಚ ನಾಲಿಗೆಗೆ ಇಟ್ಟು ನೋಡು," ಎಂದರು ಅವರು.

ಹೇಗೆ ಇಡಲಿ? ಅದು ವೈನೇ ಆಗಿದ್ದರೆ ದೈವಕ್ಕೆ ಕೊಟ್ಟ ಮಾತು ನನ್ನ ನಾಲಿಗೆಯಲ್ಲೇ ಮುರಿಯುತ್ತಿತ್ತು. ನನ್ನಿಂದಲೇ ಮುರಿದರೆ ಆಮೇಲೆ ಯಾವ ಬಾಯಲ್ಲಿ ಗಂಡನನ್ನು ತಡೆಯುವುದು? ಚೇಚಿ ನನ್ನ ಗಂಡನ ಮುಖ ನೋಡಿದರು. ತುಂಬ ಹೊತ್ತು ನೋಡಿದರು. ಇವರು ನೆಲ ನೋಡುತ್ತಿದ್ದರು. ಆ ನೋಟ ಕಂಡು ನನ್ನ ಸಂಶಯ ಗಟ್ಟಿಯಾಯಿತು, ಇವರಿಬ್ಬರಿಗೂ ಏನೋ ಗೊತ್ತುಂಟು ಎಂದು. ಒಲೆಯ ಮೇಲಿದ್ದ ಸ್ಟ್ಯೂವನ್ನು ಎತ್ತಿಕೊಂಡು ಹೋಗಿ ಅವರ ಅಂಗಳದಲ್ಲೇ ಚೆಲ್ಲಿದೆ. ಅವರ ಅನ್ನ, ಅವರ ಅಂಗಳ... ಈಗ ನೆನೆಸಿದರೆ ನಾಚಿಕೆಯಾಗುತ್ತದೆ.

ಆಮೇಲೆ ಏಳು ವರ್ಷ ಬೇಲಿಯ ಮೇಲಿನಿಂದ ಪಾತ್ರೆ ಬರಲಿಲ್ಲ. ದಾರಿಯಲ್ಲಿ ಸಿಕ್ಕಾಗ ಚೇಚಿ "ಮೋಳೇ, ಸೌಖ್ಯವಾ?" ಎಂದು ಕೇಳುತ್ತಿದ್ದರು. ನಾನು ಸೆರಗು ಸರಿಮಾಡುತ್ತಾ ಮುಂದೆ ಹೋಗುತ್ತಿದ್ದೆ. ಅವರು ತೀರಿಹೋದಾಗ ಊರಿನ ಬಾಯಿಗೆ ಹೆದರಿ ಹೋಗಿ ಗೇಟಿನ ಹತ್ತಿರ ನಿಂತೆ. ಅಲ್ಲಿ ಕೊಟ್ಟ ಹಾಲಿಲ್ಲದ ಕಟ್ಟಂ ಚಹಾವನ್ನೂ ಮೂಸಿಯೇ ಕುಡಿದೆ. ನಾನು ಅಂಥವಳು.

ಮಣ್ಣು ಮಾಡಿ ಬಂದ ಸಂಜೆ ಇವರು ಜಗಲಿಯಲ್ಲಿ ಕೂತು ಅತ್ತರು. ತಾಯಿ ಸತ್ತಾಗಲೂ ಅಳದ ಗಂಡಸು.

"ಅದು ತೆಂಗಿನಕಾಯಿ ನೀರೇ ಮಾರಾಯ್ತಿ. ನಾನು ಕುಡಿದಿದ್ದೆ."

"ಯಾವಾಗ?"

"ನೀನು ಚೆಲ್ಲುದಕ್ಕೆ ಒಂದು ವಾರ ಮೊದಲು. ಅವರ ಪಂಪು ಸರಿ ಮಾಡ್ಲಿಕ್ಕೆ ಹೋಗಿದ್ದೆ. ಬಾಟ್ಲಿ ಕಂಡಿತು, ವೈನು ಅಂತ ಗ್ರಹಿಸಿ ಎತ್ತಿ ಕುಡಿದೆ. ಅಷ್ಟೊತ್ತಿಗೆ ಚೇಚಿ ಬಂದರು. 'ಈ ಸಲ ನಾನು ಯಾರಿಗೂ ಹೇಳುದಿಲ್ಲ, ಇನ್ನೊಮ್ಮೆ ಹುಡುಕಿಕೊಂಡು ಹೋದ್ರೆ ನಿನ್ನ ಹೆಂಡತಿಗೆ ಹೇಳ್ತೇನೆ' ಅಂದರು. ಮತ್ತೆ ನಾನು ಹೋಗಲಿಲ್ಲ."

ಅಂದರೆ ಆ ದಿನ 'ನಿನ್ನ ಗಂಡನೇ ಇದನ್ನು ಕುಡಿದು ನೋಡಿದ್ದಾನೆ, ಕೇಳು' ಎಂದಿದ್ದರೆ ಚೇಚಿಯ ಮಾನ ಉಳಿಯುತ್ತಿತ್ತು. ಅವರು ಹೇಳಲಿಲ್ಲ. ಇವರೂ ಬಾಯಿ ಬಿಡಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು, ಜೊತೆಗೇ ಇನ್ನೊಂದು ಸಂಶಯವೂ ಬಂತು. ಕುಡಿದವನ ಮಾತಿಗೆ ಏನು ಗ್ಯಾರಂಟಿ? ನಿಜವಾಗಿ ವೈನನ್ನೇ ಕುಡಿದು, ಈಗ ಸತ್ತವರ ಹೆಸರಲ್ಲಿ ನೀರು ಎನ್ನುತ್ತಿರಬಹುದಲ್ಲ? ಅದನ್ನು ಯಾರ ಹತ್ತಿರ ಕೇಳುವುದು... ಇಷ್ಟು ವರ್ಷ ಆ ಮುಳ್ಳು ಒಳಗೇ ಇತ್ತು.

ಮೊನ್ನೆ ಸೊಸೆಗೆ ಹೇಳಿದೆ, "ವೈನು ಬೇಡ, ಇದನ್ನು ಹಾಕು. ಎರಡು ಬಿಂಬುಳಿ ಹಿಂಡು."

ಕುದಿ ಬಂದ ಹಬೆಯ ಪರಿಮಳ ಬೇಲಿಯಾಚೆಯ ಆ ಭಾನುವಾರಗಳ ಸ್ಟ್ಯೂವಿನದ್ದೇ ಆಗಿತ್ತು. ಜಗಲಿಯಲ್ಲಿದ್ದ ಇವರು ಎದ್ದು ಬಂದು ಬಾಗಿಲಲ್ಲಿ ನಿಂತರು. ಪಾತ್ರೆಯ ತಳದಲ್ಲಿ ಇನ್ನೂ ಸ್ವಲ್ಪ ನೀರು ಉಳಿದಿತ್ತು. ಈ ಸಲ ಮೂಸಲಿಲ್ಲ, ಚಮಚದಲ್ಲಿ ತೆಗೆದು ನಾಲಿಗೆಗೆ ಇಟ್ಟೆ. ಹುಳಿ, ಹಿಂದಿನಿಂದ ಚೂರು ಸಿಹಿ, ತೆಂಗಿನಕಾಯಿ ನೀರು.

ಚೇಚಿ ಅವತ್ತು ನನ್ನಲ್ಲಿ ಕೇಳಿದ್ದು ಇಷ್ಟೇ, ಒಂದು ಚಮಚ.